ಅವ್ವನ ಆರು ಕೋಳಿ, ಧನುರ್ಮಾಸದ ಚಳಿ

ಮನುಷ್ಯರಿಗೆ ಚಳಿಯಾದರೆ ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕೋಳಿಗೆ ಚಳಿಯಾದರೆ ಅರ್ಧ ಊರು ಬಂದು ಸಲಹೆ ಕೊಡುತ್ತದೆ. ಕೊಟ್ಟು ಸುಮ್ಮನೆ ಹೋಗುವುದೂ ಇಲ್ಲ, ನಿಂತು ಮಾಡಿಸುತ್ತದೆ. ಹಾಗಾಗಿ ಹೊಂಗನೂರಿನ ನಮ್ಮ ಹಿತ್ತಲಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ಹೋದ ವರ್ಷ ಧನುರ್ಮಾಸದಲ್ಲಿ ಅವ್ವನ ಮೂರು ಕೋಳಿ ಒಂದೇ ವಾರದಲ್ಲಿ ಮುದುರಿಕೊಂಡು ಸತ್ತವು. ಅವ್ವ ಅವನ್ನು ತೆಂಗಿನ ಬುಡದಲ್ಲಿ ಹೂತಳು. ಈ ವರ್ಷ ಉಳಿದಿದ್ದು ಐದು ಹೇಂಟೆ, ಒಂದು ಹುಂಜ. ಚಳಿ ಶುರುವಾಗುವ ಮೊದಲೇ ಅವ್ವ ಹೇಳಿಬಿಟ್ಟಳು: "ಈ ಸಲ ಒಂದು ಹೋದ್ರೂ ಗೂಡು ಒಡ್ದು ಒಲೆಗೆ ಹಾಕ್ಬುಡ್ತೀನಿ. ನಂಗೆ ಕೋಳಿ ಸವಾಸವೇ ಬ್ಯಾಡ." ಬೆಳಿಗ್ಗೆ ಎದ್ದು ಅವ್ವ ಮೊದಲು ಮಾತಾಡಿಸುವುದು ಆ ಕೋಳಿಗಳನ್ನು. ಅವು ಹೋದರೆ ಆ ಮಾತೆಲ್ಲ ನಾನು ಕೇಳಬೇಕಾಗುತ್ತದೆ. ಗೂಡು ರಿಪೇರಿಗೆ ಇಳಿದೆ.

೧. ನಾಯಕರು

ಗೂಡಿಗೆ ಮೂಡಲ ಕಡೆಯಿಂದ ಗಾಳಿ ನುಗ್ಗುತ್ತಿತ್ತು. ಮುಚ್ಚಲು ಬಸ್ ನಿಲ್ದಾಣದ ಹತ್ತಿರ ಕಿತ್ತು ಬಿದ್ದಿದ್ದ ಒಂದು ಫ್ಲೆಕ್ಸ್ ಎತ್ತಿಕೊಂಡು ಬಂದೆ. ಯಾರೋ ನಾಯಕರ ಹುಟ್ಟುಹಬ್ಬದ್ದು. ರಸ್ತೆಗೆ ಕಾಣಿಸಿದರೆ ಮರ್ಯಾದೆಯಲ್ಲ ಎಂದು ಮುಖ ಒಳಗೆ ಮಾಡಿ ಕಟ್ಟಿದೆ. ಸಂಜೆ ಕೋಳಿಗಳು ಬಾಗಿಲವರೆಗೆ ಬಂದು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದ ನಾಲ್ಕಡಿ ಮುಖ ನೋಡಿ, ವಾಪಸ್ ಹೋಗಿ ನುಗ್ಗೆ ಮರ ಹತ್ತಿದವು. ಫ್ಲೆಕ್ಸ್ ತಿರುಗಿಸಿ ಕಟ್ಟಿದ ಮೇಲೆ ಇಳಿದು ಒಳಗೆ ಹೋದವು.

ಮಾರನೇ ದಿನ ಬಿಳಿ ಅಂಗಿಯ ಯುವಕನೊಬ್ಬ ಬೈಕ್ ನಿಲ್ಲಿಸಿ ಗೂಡನ್ನೇ ನೋಡುತ್ತ ನಿಂತ. ನಾಯಕರ ಕಡೆಯವನು.

"ಸಾಹೇಬ್ರನ್ನ ಕೋಳಿ ಗೂಡಿಗೆ ಕಟ್ಟಿದ್ದೀರಲ್ಲ" ಎಂದ.

"ಚಳಿಗೆ ಕಟ್ದೆ ಕಣಪ್ಪ. ಬಿಚ್ಬೇಕಾ?"

"ಬಿಚ್ಚೋದ್ಯಾಕೆ? ಒಸಿ ಸೊಟ್ಟಗೈತೆ, ಅಷ್ಟೇಯ." ತಾನೇ ಹಗ್ಗ ಎಳೆದು ನೆಟ್ಟಗೆ ಕಟ್ಟಿದ. ರಸ್ತೆಗೆ ಹೋಗಿ ನಿಂತು ನೋಡಿ ಸಮಾಧಾನಪಟ್ಟುಕೊಂಡ. ಹೊರಡುವಾಗ ಕೇಳಿದ: "ಈ ರೋಡಲ್ಲಿ ಇನ್ಯಾರ್ ಮನೇಲಿ ಕೋಳಿ ಗೂಡವೆ?"

೨. ಹುಳು ಮನೆಯ ಶಾಸ್ತ್ರ

ಪಕ್ಕದ ಮನೆಯವನು ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾನೆ. ಚಳಿಗಾಲದಲ್ಲಿ ಹುಳು ಮನೆ ಬೆಚ್ಚಗಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ದೊಡ್ಡವ್ವ, ಇದ್ನ ನಂಗೆ ಬುಟ್ಬುಡು" ಎಂದು ಬಂದ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹಳೆಯದೊಂದನ್ನು ತಂದು ಬಾಗಿಲಿಗೆ ಮರೆ ಮಾಡಿದ. ನೆಲಕ್ಕೆ ಸುಣ್ಣ ಉದುರಿಸಿದ. ಥರ್ಮಾಮೀಟರ್ ನೇತುಹಾಕಿದ. ಕಾಲು ತೊಳೆಯದೆ ಗೂಡಿನ ಹತ್ತಿರ ಬರಬಾರದು, ಜೋರಾಗಿ ಮಾತಾಡಬಾರದು ಎಂದು ನಮಗೆಲ್ಲ ಹೇಳಿದ. ಹುಂಜ ಒಂದೇ ಒಪ್ಪಲಿಲ್ಲ.

ಅಷ್ಟರಲ್ಲಿ ಒಂದು ಹೇಂಟೆ ಗರಿ ಉದುರಿಸತೊಡಗಿತು. ಅವನು ಕುಕ್ಕರಗಾಲಲ್ಲಿ ಕೂತು ನೋಡಿದ. "ಪೊರೆ ಬುಡ್ತಾ ಐತೆ. ಈಗ ಮೇವು ಹಾಕ್ಬಾರ್ದು."

ರೇಷ್ಮೆ ಹುಳು ಪೊರೆ ಬಿಡುವಾಗ ಸೊಪ್ಪು ಹಾಕುವುದಿಲ್ಲ, ಹಾಕಿದರೆ ಬೆಳೆ ಕೆಡುತ್ತದೆ. ಅಷ್ಟು ಅನುಭವದವನ ಮಾತು ಮೀರುವುದು ಹೇಗೆಂದು ನಾವೂ ಆ ಕೋಳಿಯನ್ನು ಕುಕ್ಕೆಯಲ್ಲಿ ಕವುಚಿ ಹಾಕಿ ರಾಗಿ ನಿಲ್ಲಿಸಿದೆವು. ಮಾರನೇ ಬೆಳಿಗ್ಗೆ ಅದು ಕುಕ್ಕೆ ಉರುಳಿಸಿ, ಅರೆಬೆತ್ತಲೆಯಾಗಿ ಅವನ ಮನೆಗೇ ನಡೆದುಕೊಂಡು ಹೋಗಿ, ಜಗಲಿಯಲ್ಲಿ ಅವನು ಇಟ್ಟಿದ್ದ ಚಿತ್ರಾನ್ನದ ತಟ್ಟೆ ಖಾಲಿ ಮಾಡಿತು.

ಅವನು ಬರಿ ತಟ್ಟೆ ಹಿಡಿದುಕೊಂಡು ಬಂದ. ಅವನ ಮುಖದಲ್ಲಿ ಸೋಲು ಇರಲಿಲ್ಲ. "ಪೊರೆ ಬುಟ್ಟು ಎದ್ದೈತೆ ಕಣ್ ದೊಡ್ಡವ್ವ. ಇನ್ಮೇಲೆ ಮೇವು ಹಾಕ್ಬೋದು."

೩. ಗಾಳಿ

ಇಷ್ಟಾದರೂ ಅವ್ವನಿಗೆ ಧೈರ್ಯ ಸಾಲಲಿಲ್ಲ. ಇದ್ದ ಸಂದಿಗೆಲ್ಲ ಗೋಣಿಚೀಲ ತುರುಕಿಸಿದಳು. ಪಕ್ಕದ ಮನೆಯ ಹಸು ನೋಡಲು ಬಂದಿದ್ದ ಪಶು ಆಸ್ಪತ್ರೆಯ ಡಾಕ್ಟರಮ್ಮ ಗೂಡನ್ನೂ ನೋಡಿದರು.

"ಇವು ಚಳಿಗೆ ಸಾಯಲ್ಲಮ್ಮ, ಉಸಿರುಕಟ್ಟಿ ಸಾಯ್ತವೆ. ಹಿಕ್ಕೆ ವಾಸನೆಯೆಲ್ಲ ಒಳಗೇ ಇದೆ. ಬೇಕಾದ್ರೆ ಒಂದ್ಸಲ ತಲೆ ಹಾಕಿ ನೋಡಿ."

ಅವರು ಹೇಳಿದ್ದು ಅವ್ವನಿಗೆ, ತಲೆ ಹಾಕಿದ್ದು ನಾನು. ಸೂರಿನ ಕೆಳಗೆ ಗೋಣಿ ಕಿತ್ತು ಎರಡು ಹಲಗೆಗಳ ನಡುವೆ ತಲೆ ತೂರಿಸಿದೆ. ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಹೇಳಿದ್ದು ನಿಜ ಎಂದು ಹೇಳೋಣವೆಂದರೆ ತಲೆ ಹೊರಗೆ ಬರಲಿಲ್ಲ.

"ಒಳಗೆ ಬೆಚ್ಚಗೈತೇನ್ಲಾ?" ಅವ್ವ ಹೊರಗಿನಿಂದ ಕೇಳಿದಳು.

"ಐತೆ ಕಣವ್ವ."

"ಸದ್ಯ" ಎಂದಳು.

ಕೊನೆಗೆ ಪಕ್ಕದ ಮನೆಯವನು ಮೇಲಿನ ಹಲಗೆಯನ್ನು ಮಚ್ಚಿನಲ್ಲಿ ಒಂದಿಷ್ಟು ಸವರಿ ನನ್ನನ್ನು ಬಿಡಿಸಿದ. ಡಾಕ್ಟರಮ್ಮ ಆ ಕಂಡಿಯನ್ನು ನೋಡಿದರು, ನನ್ನ ತಲೆಯನ್ನು ನೋಡಿದರು. "ಗಾಳಿಗೆ ಇಷ್ಟು ಜಾಗ ಸರಿಯಾಗಿದೆ. ಹಾಗೇ ಬಿಡಿ" ಎಂದರು.

೪. ಊಟ

ಸಂಕ್ರಾಂತಿ ಕಳೆದು ಚಳಿ ಇಳಿಯಿತು. ಆರಕ್ಕೆ ಆರೂ ಉಳಿದಿದ್ದವು. ಅವ್ವ ಪಕ್ಕದ ಮನೆಯವನನ್ನೂ ಬಿಳಿ ಅಂಗಿಯವನನ್ನೂ ಊಟಕ್ಕೆ ಕರೆದಳು. ಕೆಲಸ ಮಾಡಿದವರಿಗೆ ಊಟ ಹಾಕದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

"ಇಷ್ಟು ಒದ್ದಾಡಿ ಉಳ್ಸಿದ್ದೀವಿ ದೊಡ್ಡವ್ವ" ಎಂದ ಪಕ್ಕದ ಮನೆಯವನು. "ನಾಟಿ ಕೋಳಿ ಸಾರು, ಮುದ್ದೆ ಆಗ್ಬುಡ್ಲಿ."

ಅವ್ವ ಗೂಡಿನ ಕಡೆ ನೋಡಿದಳು. ಹಿಂದೆಲ್ಲ ನೆಂಟರು ಬಂದರೆ ತಾನೇ ಕೋಳಿ ಹಿಡಿದು ಕೊಟ್ಟವಳು. ಈ ಸಲ ಕೈ ಬರಲಿಲ್ಲ. ನನ್ನನ್ನು ಒಳಗೆ ಕರೆದು, "ಚನ್ನಪಟ್ಣಕ್ಕೋಗಿ ಬ್ಯಾರೆ ಒಂದು ತತ್ತಾ" ಎಂದಳು.

ಸಂಜೆ ಬಸ್ಸಿನಲ್ಲಿ ಚೀಲದೊಳಗೆ ಕೋಳಿ ಇಟ್ಟುಕೊಂಡು ಬಂದೆ. ಅಡುಗೆ ಮಾರನೇ ದಿನಕ್ಕಿತ್ತು. ಅಲ್ಲಿಯವರೆಗೆ ಇರಲಿ ಎಂದು ಗೂಡಿಗೆ ಬಿಟ್ಟೆ.

ಬೆಳಿಗ್ಗೆ ಕತ್ತಿ ಮಸೆದುಕೊಂಡು ಹೋದರೆ ಅವ್ವ ಗೂಡಿಗೆ ಅಡ್ಡ ನಿಂತಿದ್ದಳು.

"ನಮ್ಮವುಗಳ ಜೊತೆ ಬೆಚ್ಚಗೆ ಮಲಗವ್ಳೆ. ಈಗ ಎಬ್ಬಿಸ್ಕೊಂಡೋಗಿ ಕುಯ್ಯದು ಹೆಂಗ್ಲಾ?"

"ಅವರಿಗೇನು ಹೇಳ್ಲವ್ವ?"

"ಊಟಕ್ಕೆ ಬರಕ್ಕೇಳು."

ಮಧ್ಯಾಹ್ನ ಇಬ್ಬರೂ ಬಂದು ಕೂತರು. ಅವ್ವ ಮುದ್ದೆ ಇಟ್ಟು, ಹಿದುಕಿದ ಅವರೆಬೇಳೆ ಸಾರು ಬಿಟ್ಟು, ಎರಡೆರಡು ಬೇಯಿಸಿದ ಮೊಟ್ಟೆ ಹಾಕಿದಳು. ಬಿಳಿ ಅಂಗಿಯವನು ಮರ್ಯಾದೆಗೆ ತಲೆ ಬಗ್ಗಿಸಿ ತಿನ್ನತೊಡಗಿದ. ಪಕ್ಕದ ಮನೆಯವನು ಮಾತ್ರ ಸಾರಿನ ತಳದವರೆಗೆ ಬೆರಳಾಡಿಸಿ ಹುಡುಕಿದ.

"ದೊಡ್ಡವ್ವ, ಕೋಳಿ ಎಲ್ಲಿ?"

"ಗೂಡಲ್ಲವೆ ಕಣಪ್ಪ" ಎಂದಳು ಅವ್ವ, ಅವನಿಗೆ ಇನ್ನೊಂದು ಸೌಟು ಸಾರು ಬಿಡುತ್ತ. "ಏಳೂ ಬೆಚ್ಚಗವೆ."