ಚಾರ್ಟಿನಲ್ಲಿ ಹೆತ್ತೆಯ ಗೆರೆ

ಒಂದು ಕಡೆ ಕೂತು, ಹಿಡಿದ ಕೆಲಸ ಮುಗಿಸಿಯೇ ಮೇಲೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನಾನು ಪುಸ್ತಕ ಬಿಡಿಸಿ ಕೂತರೆ ಸಾಕು, ಕಿಟಕಿ ಸರಿಯಾಗಿ ಮುಚ್ಚಿಲ್ಲವೇನೋ ಅನ್ನಿಸುತ್ತದೆ. ಮುಚ್ಚಲು ಎದ್ದರೆ ಹೊರಗೆ ಮಂಜು ಸರಿದು ಚಹಾ ತೋಟ ಕಾಣುತ್ತದೆ. ತೋಟ ಕಂಡ ಮೇಲೆ, ಬೇಲಿ ಮುರಿದು ಕಾಟಿ, ಅಂದರೆ ಕಾಡುಕೋಣ, ನುಗ್ಗಿದೆಯೋ ಏನೋ, ಒಂದು ಸುತ್ತು ಹೋಗಿಬರೋಣ ಅನ್ನಿಸುತ್ತದೆ. ಹೋಗಿಬರುವಷ್ಟರಲ್ಲಿ ಪುಸ್ತಕದ ಮೇಲೆ ಬೆಕ್ಕು ಮಲಗಿರುತ್ತದೆ. ಮಲಗಿದ ಬೆಕ್ಕನ್ನು ಎಬ್ಬಿಸುವಷ್ಟು ಕಟುಕ ನಾನಲ್ಲ. ಇಂಥ ನಾನು, ತಲೆ ನರೆಯುವ ವಯಸ್ಸಿನಲ್ಲಿ, ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು ಹೇಗೆ ಎಂಬುದನ್ನೇ ವಿಶ್ವವಿದ್ಯಾಲಯದಲ್ಲಿ ಓದಲು ಹೊರಟೆ ಎಂದರೆ ನಿಮಗೆ ನಗು ಬರಬಹುದು. ನಗಿ. ನಮ್ಮ ಹಟ್ಟಿಯೂ ನಕ್ಕಿತು.

ಹಟ್ಟಿ ಎಂದರೆ ನೀಲಗಿರಿ ಬೆಟ್ಟದ ನಮ್ಮ ಬಡಗರ ಊರು. ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯಲ್ಲಿ ಕೆಮ್ಮು. ನಮ್ಮದು ಸೋಲೂರು ಕಡೆಯದು. ಅಲ್ಲಿಂದ ದಿನಾ ಬಸ್ಸು ಹಿಡಿದು ಊಟಿಗೆ ಹೋಗಿ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಮೇಲಿನ ಪದವಿ ಇದ್ದರೆ ಪ್ಲಸ್ ಟೂ ತರಗತಿ ನಿಮಗೇ, ಇಲ್ಲದಿದ್ದರೆ ಹೊಸಬರಿಗೆ ಎಂದು ಹೆಡ್‌ಮಾಸ್ಟರು ಹೇಳಿದ್ದರಿಂದ ದೂರಶಿಕ್ಷಣಕ್ಕೆ ಸೇರಿದೆ. ಬೇರೆ ಪೇಪರುಗಳೆಲ್ಲ ಹೇಗೋ ದಡ ಸೇರಿದವು. ಐಟಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬುದೊಂದು ಮಾತ್ರ ಕಾಲಿಗೆ ತೊಡರಿಕೊಂಡಿತು. ಅದಕ್ಕೆ ಬರೀ ಓದಿದರೆ ಸಾಲದು. ನಿಜವಾದ ಒಂದು ಸಣ್ಣ ಪ್ರಾಜೆಕ್ಟನ್ನು ಹಿಡಿದು, ಯೋಜನೆ ಹಾಕಿ, ಹೇಳಿದ ದಿನಕ್ಕೆ ಮುಗಿಸಿ, ಪರೀಕ್ಷಕರ ಮುಂದೆ ತೋರಿಸಬೇಕು.

ನಾನು ಹಿಡಿದದ್ದು ಎಲೆ ವ್ಯಾನನ್ನು. ನಮ್ಮವರು ಕೊಯ್ದ ಚಹಾ ಎಲೆಯನ್ನು ಫ್ಯಾಕ್ಟರಿಗೆ ಒಯ್ಯುವ ವ್ಯಾನು ಯಾವಾಗ ಬರುತ್ತದೆಂದು ಅದರ ಡ್ರೈವರಿಗೂ ಗೊತ್ತಿರುವುದಿಲ್ಲ. ಎಲೆ ಶೆಡ್ಡಿನಲ್ಲಿ ಮೂಟೆ ಇಟ್ಟುಕೊಂಡು ಜನ ಕಾಯುತ್ತಾರೆ, ಮೂಟೆಯೊಳಗೆ ಎಲೆ ಬಾಡುತ್ತದೆ. ವ್ಯಾನು ಎಲ್ಲಿದೆ ಎಂದು ಎಲ್ಲರ ಫೋನಿಗೂ ಮೆಸೇಜು ಹೋಗುವಂತೆ ಮಾಡುವುದು ನನ್ನ ಪ್ರಾಜೆಕ್ಟು. ಮೊದಲು ಚಾರ್ಟು ಬರೆಯಬೇಕು. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಉದ್ದ ಗೆರೆ. ಗೆರೆ ಎಲ್ಲಿ ಶುರುವೋ ಅಲ್ಲಿ ಕೆಲಸ ಶುರು, ಎಲ್ಲಿ ನಿಂತಿತೋ ಅಲ್ಲಿಗೆ ಮುಗಿಯಿತು. ಇಷ್ಟು ಸುಖದ ವಿದ್ಯೆ ಇನ್ನೊಂದಿಲ್ಲ. ಕೆಲಸ ಮಾಡದೆ ಕೆಲಸ ಮಾಡಿದ ತೃಪ್ತಿ! ನಾನು ಗೆರೆಗಳ ಬಣ್ಣ ಬದಲಾಯಿಸಿದೆ, ದಪ್ಪ ಬದಲಾಯಿಸಿದೆ, ಹಸಿರು ಕಣ್ಣಿಗೆ ಹಿತವೋ ನೀಲಿಯೋ ಎಂದು ಹೆಂಡತಿ ಗಿರಿಜೆಯನ್ನು ಅಡುಗೆಮನೆಯಿಂದ ಎರಡೆರಡು ಸಲ ಕರೆದೆ. ಕಂಪ್ಯೂಟರು ಎಲ್ಲ ಕೆಲಸವನ್ನೂ ಸೋಮವಾರವೇ ಶುರು ಮಾಡಿಸುತ್ತಿತ್ತು. ಸೋಮವಾರ ಮಣ್ಣು ಮುಟ್ಟಬಾರದು ಎನ್ನುವ ಹಿರಿಯರು ನಮ್ಮಲ್ಲಿನ್ನೂ ಇದ್ದಾರೆ. ಹಾಗಾಗಿ ಎಲ್ಲ ಗೆರೆಗಳನ್ನೂ ಮಂಗಳವಾರಕ್ಕೆ ತಳ್ಳಿದೆ. ಅದರಲ್ಲೊಂದು ವಾರ ಕಳೆಯಿತು.

ಚಾರ್ಟಿನ ಕೆಳಗೆ ಅಪಾಯಗಳನ್ನೂ ಬರೆಯಬೇಕೆಂದು ಪುಸ್ತಕ ಹೇಳುತ್ತದೆ. ಕೆಲಸ ನಿಲ್ಲಿಸುವಂಥದ್ದು ಏನು, ಅದು ಆಗುವ ಸಾಧ್ಯತೆ ಎಷ್ಟು, ಆದರೆ ಎಷ್ಟು ದಿನ ಹಾಳು. ಮಳೆ ಬರೆದೆ, ಕರೆಂಟು ಬರೆದೆ, ಕಾಟಿ ಬರೆದೆ. ಆಮೇಲೆ ಪ್ರಾಮಾಣಿಕತೆ ಉಕ್ಕಿ ಬಂತು. ನಮ್ಮ ಹಟ್ಟಿಯಲ್ಲಿ ನಿಜವಾಗಿ ಎಲ್ಲ ಕೆಲಸ ನಿಲ್ಲುವುದು ಸಾವಿಗೆ. ಒಬ್ಬರು ಹೋದರೆಂದರೆ ಯಾರೂ ಎಲೆ ಕೊಯ್ಯುವುದಿಲ್ಲ. ಸುತ್ತಲ ಹಟ್ಟಿಗಳಿಗೆಲ್ಲ ಸುದ್ದಿ ಹೋಗುತ್ತದೆ, ನೆಂಟರು ಬಸ್ಸು ತುಂಬ ಬರುತ್ತಾರೆ, ತುಂಬು ಬಾಳು ಬಾಳಿದವರಾದರೆ ಬಾಜಾ ಬಜಂತ್ರಿ ಕುಣಿತ ಎಲ್ಲ ಉಂಟು. ಅದನ್ನೂ ಬರೆದು, ಚಾರ್ಟನ್ನು ಶೆಡ್ಡಿನ ಗೋಡೆಗೆ ಅಂಟಿಸಿ, ಮೂಟೆಗಳ ನಡುವೆ ನಿಂತು ಮೇಷ್ಟ್ರ ದನಿಯಲ್ಲಿ ಓದಿದೆ: "ಹಟ್ಟಿಯ ಹಿರಿಯರೊಬ್ಬರ ಮರಣ. ಸಾಧ್ಯತೆ ಬಹಳ ಹೆಚ್ಚು. ಒಂದು ದಿನ ಕೆಲಸ ನಿಲ್ಲುತ್ತದೆ."

ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು. ಮೂಲೆಯ ಮೂಟೆಯ ಮೇಲೆ, ಬಿಳಿ ವಸ್ತ್ರ ಹೊದ್ದು ನಮ್ಮ ಹೆತ್ತೆ ಕೂತಿದ್ದಳು. ಹೆತ್ತೆ ಎಂದರೆ ಅಜ್ಜಿ. ನನ್ನ ಸ್ವಂತ ಅಜ್ಜಿ, ಹಟ್ಟಿಗೆಲ್ಲ ಹಿರಿಯಳು. ಗಿರಿಜೆ ನನ್ನನ್ನು ನೋಡಿದ ನೋಟಕ್ಕೆ ಅಲ್ಲಿದ್ದ ಎಲೆಯೆಲ್ಲ ಬಾಡಬೇಕಿತ್ತು.

ಹೆತ್ತೆ ಕೋಲು ಕುಟ್ಟಿದಳು. ನಮ್ಮ ಬಡಗ ಮಾತನ್ನು ನಿಮಗೆ ತಿಳಿಯುವಷ್ಟು ಮೆತ್ತಗೆ ಮಾಡಿ ಬರೆಯುತ್ತೇನೆ. "ತಮ್ಮ, ಅದು ಎನ್ನ ಸಾವಾ?"

"ಹಾಗಲ್ಲ ಹೆತ್ತೆ, ಸುಮ್ಮನೆ ಲೆಕ್ಕಕ್ಕೆ..."

"ಎನ್ನ ಸಾವುಗ ಒಂದೇ ಜಿನವಾ? ಕುಂದೆ ಸೀಮೆಯಿಂದ ಜನ ಬರಬೇಡವಾ? ಬಂದವರು ಉಣ್ಣಬೇಡವಾ, ಆಡಬೇಡವಾ? ಮೂರು ಜಿನ ಬರೆ!"

ನಾನು ಅಲ್ಲೇ ಮೂರು ದಿನ ಎಂದು ತಿದ್ದಿ, ಅಷ್ಟುದ್ದದ ಕೆಂಪು ಗೆರೆ ಎಳೆದೆ. ಹೆತ್ತೆಗೆ ಸಮಾಧಾನವಾಯಿತು. ಆಮೇಲೆ ಪರೀಕ್ಷೆ ಯಾವಾಗ ಎಂದು ಕೇಳಿದಳು. ನಮ್ಮ ದೇವಿಯ ಹೆಸರೂ ಹೆತ್ತೆಯೇ; ಆ ಹೆತ್ತೆಯ ಹಬ್ಬ ಕಳೆದ ಮೇಲೆ ಎಂದೆ. "ಸರಿ, ಅದುವರೆಗೆ ನಾ ಸಾಯೋದಿಲ್ಲೆ. ನೀ ಮುಗಿಸು," ಎಂದು ಎದ್ದು, ಗೋಡೆ ತಡವಿಕೊಂಡು ಹೊರಟಳು.

ಗೋಡೆ ತಡವಬೇಕಾದದ್ದು ಕಣ್ಣಿನಿಂದ. ಎರಡು ಕಣ್ಣಿಗೂ ಪೊರೆ ಬಂದು ಬಹಳ ವರ್ಷವಾಗಿತ್ತು. ಒಲೆಯ ಹತ್ತಿರ ಕೈ ಸುಟ್ಟುಕೊಂಡಿದ್ದಳು, ಮೆಟ್ಟಿಲಲ್ಲಿ ಒಮ್ಮೆ ಮುಗ್ಗರಿಸಿದ್ದಳು. ಇವತ್ತಲ್ಲ ನಾಳೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೆಂಬ ಭಯ ಗಿರಿಜೆಯನ್ನು ತಿನ್ನುತ್ತಿತ್ತು, ನನಗೂ ಇತ್ತು. ಆಪರೇಷನ್ನಿಗೆ ದಿನ ಗೊತ್ತುಮಾಡಿದಾಗಲೆಲ್ಲ ಹೆತ್ತೆಯದು ಒಂದೇ ಮಾತು: "ಸಾಯೋ ಕಣ್ಣುಗ ಬೆಳಕು ಏಕೆ?"

ಅಂದಿನಿಂದ ಶುರುವಾಯಿತು ನನ್ನ ಪಾಡು. ಬೆಳಗಾದರೆ ನನ್ನ ಬಾಗಿಲಿಗೆ ಕೋಲಿನ ಸದ್ದು. "ತಮ್ಮ, ನಾ ಇದ್ದನೆ. ನೀ ಗೆಲಸ ಮಾಡು." ನನಗಾಗಿ ಜೀವ ಹಿಡಿದುಕೊಂಡು ಕೂತ ಅಜ್ಜಿ ಪಕ್ಕದ ಕೋಣೆಯಲ್ಲಿರುವಾಗ ಯಾವ ಮನುಷ್ಯನಿಗೆ ಕೂರಲು ಬಂದೀತು? ಮೊದಲು ಸುಮ್ಮನೆ ಚಡಪಡಿಸುತ್ತಿದ್ದವನು ಈಗ ಹೆದರಿ ಚಡಪಡಿಸತೊಡಗಿದೆ. ಅವಳು ಕೆಮ್ಮಿದರೆ ಎದ್ದು ನೋಡುವುದು, ಕೆಮ್ಮದಿದ್ದರೆ ಇನ್ನೂ ಬೇಗ ಎದ್ದು ನೋಡುವುದು. ಒಂದು ದಿನ ನಾನು ಬೇಲಿ ನೋಡಿಬಂದಾಗ ಅವಳು ಮೊಳೆಗೆ ತೂಗುಹಾಕಿದ್ದ ನನ್ನ ಮಳೆಕೋಟಿಗೆ ಬುದ್ಧಿ ಹೇಳುತ್ತಿದ್ದಳು. "ಇವತ್ತಾದರೂ ಒಂದು ಕಡೆ ನಿಂತೆಯಲ್ಲಾ, ಹೀಗೇ ಇರು," ಎಂದು ಅದರ ತೋಳು ಸವರಿದಳು.

ಪರೀಕ್ಷೆಯ ದಿನ ಬಂದೇಬಿಟ್ಟಿತು. ಪರೀಕ್ಷಕಿ ಬೆಟ್ಟದ ಕೆಳಗಿನ ಬಿಸಿಲೂರಿನವರು. ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಕಿವಿಗೆ ಮಫ್ಲರು ಸುತ್ತಿ ಗಡಗಡ ನಡುಗುತ್ತಿದ್ದರು. ನನ್ನ ಚಾರ್ಟನ್ನು ನೋಡಿ, ಬಣ್ಣ ತುಂಬ ಚೆನ್ನಾಗಿದೆ ಎಂದರು. ಸಾವಿಗೆ ಮೂರು ದಿನ ಹಾಕಿದ್ದನ್ನು ಓದಿ, ಇಷ್ಟು ಖಚಿತವಾಗಿ ಅಪಾಯ ಬರೆದವರನ್ನೇ ನೋಡಿಲ್ಲ ಎಂದರು. ನಾನು ಉಬ್ಬಿದೆ. ಆಮೇಲೆ, "ಸರಿ, ಮೆಸೇಜು ಕಳಿಸಿ ತೋರಿಸಿ," ಎಂದರು. ಮೆಸೇಜು ಹೋಗುವ ಗೆರೆ ಚಾರ್ಟಿನಲ್ಲಿತ್ತು, ನೀಲಿ ಬಣ್ಣದ್ದು. ಮೆಸೇಜು ಮಾತ್ರ ಇರಲಿಲ್ಲ. ಮುಂದಿನ ಸೆಮಿಸ್ಟರಿಗೆ ಬನ್ನಿ ಎಂದರು.

ಪ್ಲಸ್ ಟೂ ತರಗತಿ ಹೊಸಬರ ಪಾಲಾಯಿತು ಎಂಬ ದುಃಖಕ್ಕಿಂತ, ಹೆತ್ತೆಗೆ ಏನು ಹೇಳಲಿ ಎಂಬ ದಿಗಿಲೇ ಬಸ್ಸಿನ ಉದ್ದಕ್ಕೂ ಕಾಡಿತು. ಸಾಯದೆ ಉಳಿದು ಅವಳು ತನ್ನ ಪಾಲಿನದನ್ನು ಮುಗಿಸಿದ್ದಳು. ಇಡೀ ಪ್ರಾಜೆಕ್ಟಿನಲ್ಲಿ ಹೇಳಿದಂತೆ ನಡೆದ ಗೆರೆ ಅದೊಂದೇ. ಜಗಲಿಯ ಮೇಲೆ ಕೂತಿದ್ದವಳು ನನ್ನ ಹೆಜ್ಜೆ ಕೇಳಿ ಮುಖವೆತ್ತಿದಳು.

"ಮುಗಿತಾ ತಮ್ಮ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. "ಇಲ್ಲೆ ಹೆತ್ತೆ. ಇನ್ನೊಂದು ಮಳೆಗಾಲ ಕಳೆಯಬೇಕು."

ಅವಳು ಹೊದ್ದ ವಸ್ತ್ರವನ್ನು ಬಿಗಿಯಾಗಿ ಎಳೆದುಕೊಂಡಳು. ಆಮೇಲೆ ಒಳಗೆ ಕೂಗಿದಳು: "ಗಿರಿಜೆ! ಆ ಕಣ್ಣು ಆಸ್ಪತ್ರೆಗ ಫೋನು ಮಾಡು. ಇವ ಮುಗಿಸೋತನಕ ನಾ ಇರಬೇಕು ಅಂದರೆ ಕಣ್ಣು ಇಲ್ಲದೆ ಆಗೋದಿಲ್ಲೆ."

ಗಿರಿಜೆ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಹೆತ್ತೆಗೆ ಕೇಳದಂತೆ ನನ್ನ ಕಿವಿಯಲ್ಲಿ, "ನೀವು ಫೇಲಾದದ್ದು ಒಳ್ಳೆಯದಾಯಿತು," ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು.

ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕದ ಗಡುವೂ ಕಳೆದ ಮೇಲೆ ಹೆತ್ತೆ ಮೊದಲು ಹೋಗಿದ್ದು ಶೆಡ್ಡಿಗೆ. ಗೋಡೆ ತಡವದೆ ನಡೆದಳು. "ಎನ್ನ ಗೆರೆ ಯಾವುದು?" ಎಂದಳು. ಕೆಂಪು ಗೆರೆ ತೋರಿಸಿದೆ. ಅದರ ಉದ್ದ ನೋಡಿ ಸಂತೋಷಪಟ್ಟಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಇಷ್ಟು ವರ್ಷ ನಾನು ಅವಳ ಕಣ್ಣಿಗೆ ಅತ್ತಿಂದಿತ್ತ ಓಡಾಡುವ ಒಂದು ನೆರಳು ಮಾತ್ರ. ಈಗ ಗದ್ದ ಹಿಡಿದೆತ್ತಿ ನರೆತ ತಲೆ, ಕನ್ನಡಕ, ಹೊಟ್ಟೆ ಎಲ್ಲವನ್ನೂ ಸಾವಕಾಶ ನೋಡಿದಳು.

"ತಮ್ಮ, ನೀನೂ ಮುದುಕ ಆಗಿಬುಟ್ಟೆಯಲ್ಲಾ!" ಎಂದು ಬೆಚ್ಚಿದಳು. "ಈ ಸಾಲುಗ ಇವನ ಹೆಸರನ್ನೂ ಸೇರಿಸಿ."

ಎಲೆ ತೂಗುತ್ತಿದ್ದ ಬೆಳ್ಳಣ್ಣ ನಗು ತಡೆದುಕೊಂಡು ಕೇಳಿದ: "ಇವಂಗ ಎಷ್ಟು ಜಿನ ಹಾಕೋದು ಹೆತ್ತೆ?"

ಹೆತ್ತೆ ಯೋಚಿಸಿದಳು. "ಇವಂಗ ಅರ್ಧ ಜಿನ ಸಾಕು."

ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕು, ಬರೆಯಲು ಬಣ್ಣದ ಪೆನ್ನು ತರುತ್ತೇನೆಂದು ಮನೆಗೆ ಬಂದೆ. ಪೆನ್ನು ಪುಸ್ತಕದ ಒಳಗಿತ್ತು, ಪುಸ್ತಕದ ಮೇಲೆ ಬೆಕ್ಕು ಮಲಗಿತ್ತು. ಅದು ಏಳುವವರೆಗೆ ಬೇಲಿಯ ಕಡೆ ಒಂದು ಸುತ್ತು ಹೋಗಿಬರೋಣವೆಂದು ಹೊರಟಿದ್ದೇನೆ.