ಬಾಲದ ತುದಿ ಸ್ಪಷ್ಟವಾಗಿದೆ

“ಈ ಊರಲ್ಲಿರೋ ಅಷ್ಟೂ ಡ್ಯಾಮ್ಸೆಲ್‌ಫ್ಲೈಗಳ ಫೋಟೋ ಹಿಡಿದು ಗುರುತಿಸದೇ ಹೋದ್ರೆ ಈ ಮೀಸೆ ಬೋಳಿಸ್ತೀನಿ, ನೋಡ್ತಿರು!” ಎಂದು ಕನ್ನಡಕದಂಗಡಿ ಯಜಮಾನ ಹೆಂಡತಿಯೆದುರು ಶಪಥ ಮಾಡಿದ.

“ಮೀಸೆ ಆಮೇಲೆ ಬೋಳಿಸಿ. ಮೊದ್ಲು ಆ ಕೆಸರಿನ ಪ್ಯಾಂಟು ಬಚ್ಚಲಿಗೆ ಹಾಕಿ,” ಎಂದಳು ಆಕೆ.

ಡ್ಯಾಮ್ಸೆಲ್‌ಫ್ಲೈ ಎಂದರೆ ಏರೋಪ್ಲೇನ್ ಚಿಟ್ಟೆಯ ಬಡಕಲು ತಂಗಿ. ಸೂಜಿಯಂಥ ಮೈ, ಕೂತರೆ ರೆಕ್ಕೆಗಳನ್ನು ಮಡಚಿ ಬೆನ್ನಿಗೆ ಒತ್ತಿಕೊಳ್ಳುವಷ್ಟು ನಾಚಿಕೆ. ಒಂದು ಜಾತಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದೇ ಬಾಲದ ತುದಿಯಲ್ಲಿ. ನಮ್ಮವನ ಫೋಟೋಗಳಲ್ಲಿ ಇಲ್ಲದಿದ್ದದ್ದೂ ಅದೇ! ಫೋನಿನಲ್ಲಿದ್ದ ಹುಳುಪ್ರಿಯರ ಗುಂಪಿಗೆ ಏನು ಕಳಿಸಿದರೂ ಗುಂಪಿನ ಮೇಷ್ಟ್ರದು ಒಂದೇ ತೀರ್ಪು: “ಬಾಲದ ತುದಿ ಕಾಣುತ್ತಿಲ್ಲ. ಗುರುತಿಸಲಾಗದು.” ಊರಿಗೆಲ್ಲ ಕಣ್ಣು ಕೊಡುವವನಿಗೆ ಈ ಗತಿ!

ಹೀಗಿರುವಾಗ ಹೆಣ್ಣು ಕೊಟ್ಟ ಮಾವ ನಿವೃತ್ತರಾದರು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಜನ್ಮ ಸವೆಸಿದವರು. ಬೀಳ್ಕೊಡುಗೆಯೂ ಅಲ್ಲೇ, ತೊಟ್ಟಿಯ ಪಕ್ಕ. ಎಂದೂ ಯಾರನ್ನೂ ಕಣ್ಣೆತ್ತಿ ನೋಡದ ಇಂಜಿನಿಯರ್ ಸಾಹೇಬರು ಅಂದು ತಾವಾಗಿ ಎದ್ದು ಬಂದು ಮಾವನ ಕೈ ಕುಲುಕಿದರು. ಮಾವನ ಕಣ್ಣು ತುಂಬಿ ಬಂತು.

“ಫೋನೆಲ್ಲ ಜೇಬಿಗೆ ಹಾಕ್ಕೊಳ್ಳಿ! ದೊಡ್ಡ ಕ್ಯಾಮೆರಾ ಬಂದಿದೆ!” ಎಂದು ಅಳಿಯ ಗುಡುಗಿದ್ದರಿಂದ ಬೇರೆ ಯಾರೂ ಫೋಟೋ ತೆಗೆಯಲಿಲ್ಲ. ಎಲ್ಲವನ್ನೂ ಅವನೇ ತೆಗೆದ, ಕೈ ಕುಲುಕಿದ್ದನ್ನೂ. ಕೊನೆಯಲ್ಲಿ ಮಾವ ಹಿಡಿದಿದ್ದ ಹೂಗುಚ್ಛದ ಮೇಲೆ ನೀಲಿ ಡ್ಯಾಮ್ಸೆಲ್‌ಫ್ಲೈಯೊಂದು ಬಂದು ಕೂತಿತು! ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ. ಅದೊಂದನ್ನು ಮಾತ್ರ ಅಂದೇ ಫೋನಿಗೆ ಇಳಿಸಿ ಗುಂಪಿಗೆ ಕಳಿಸಿದ.

“ಭೇಷ್! ಬಾಲದ ತುದಿ ಸ್ಪಷ್ಟವಾಗಿದೆ,” ಎಂದರು ಮೇಷ್ಟ್ರು. “ಹಿಂದೆ ಕಾಣುವ ಗುಂಡನೆಯ ವಸ್ತುವನ್ನು ಕತ್ತರಿಸಿ ಮತ್ತೆ ಕಳಿಸಿ.”

ಗುಂಡನೆಯ ವಸ್ತು ಮಾವನ ತಲೆ.

“ರೀ, ಮಿಕ್ಕ ಫೋಟೋನೂ ಕಂಪ್ಯೂಟರಿಗೆ ಹಾಕಿಬಿಡ್ರೀ. ಅಪ್ಪಂಗೆ ಆಲ್ಬಮ್ ಮಾಡಿಸ್ಬೇಕು. ‘ಸಾಹೇಬ್ರು ಕೈ ಕುಲುಕಿದ್ದು ದೊಡ್ಡದಾಗಿ ಹಾಕ್ಸಮ್ಮ, ಪಕ್ಕದ ಮನೆಯವ್ರು ನಂಬ್ತಾನೇ ಇಲ್ಲ’ ಅಂತ ಫೋನ್ ಮಾಡಿದ್ರು,” ಎಂದಳು ಹೆಂಡತಿ.

“ನಾಳೆ ಹಾಕ್ತೀನಿ ಕಣೇ!”

ನಾಳೆ ಅವನು ಚರಂಡಿಯಲ್ಲಿದ್ದ. ಮೊಣಕಾಲುದ್ದ ಕೆಸರು, ಮೂಗಿನ ಮೇಲೆ ಸೊಳ್ಳೆ. ಎದುರಿಗೆ ಜೊಂಡಿನ ಮೇಲೆ, ಹಿಂದೆಂದೂ ಕಾಣದ ಕಿತ್ತಳೆ ಬಾಲದ ಸುಂದರಿ! ಶಟರ್ ಒತ್ತಿದರೆ ಕ್ಯಾಮೆರಾ, “ಕಾರ್ಡ್ ತುಂಬಿದೆ” ಎಂದಿತು. ಅವನಿಗೆ ನೆನಪಾದದ್ದು ಬಾಲವಿಲ್ಲದ ಹಳೆಯ ಫೋಟೋಗಳು ಮಾತ್ರ. ಎಲ್ಲವನ್ನೂ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಹೂಂ ಎಂದು ಒತ್ತಿದ. ಖಂಡಿತವೇ ಎಂದು ಕೇಳಿತು. ಹೂಂ ಅಂದೆನಲ್ಲಪ್ಪಾ ಎಂದು ಬೈದು ಮತ್ತೆ ಒತ್ತಿದ. ಕಾರ್ಡು ಪುನಃ ತುಂಬುವ ತನಕ ಆ ಒಂದೇ ಹುಳುವನ್ನು ಹಿಡಿದ. ಮಾವನ ನೆನಪಾದದ್ದು ಆಮೇಲೆ. ಕೆಸರುಗಾಲಲ್ಲೇ ಪೇಟೆಗೆ ಓಡಿದ.

ಕಂಪ್ಯೂಟರ್ ರಿಪೇರಿಯವನು ಕಾರ್ಡು ನೋಡಿ ಕೈಚೆಲ್ಲಿಬಿಟ್ಟ. “ಹಳೇದು ಇನ್ನು ಬರಲ್ಲ ಸಾರ್. ಅದರ ಮೇಲೆಲ್ಲ ಹುಳ ಕೂತಿದೆ.”

ಕಿತ್ತಳೆ ಸುಂದರಿಯ ಬಗ್ಗೆ ಮೇಷ್ಟ್ರು ಬರೆದರು: “ತೀರಾ ಸಾಮಾನ್ಯ. ಎಲ್ಲ ಚರಂಡಿಗಳಲ್ಲೂ ಸಿಗುತ್ತದೆ.”

ಹೆಂಡತಿ ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆ ಬೆನ್ನು ನೋಡಿ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಂಬದ ಪಕ್ಕದ ಮನೆಯವರನ್ನೂ ಕರೆದುಕೊಂಡೇ ಬಂದರು! ಆಲ್ಬಮ್ಮಿನಲ್ಲಿದ್ದದ್ದು ಫೋನಿನಲ್ಲಿ ಉಳಿದಿದ್ದ ಅದೊಂದೇ ಫೋಟೋ. ಮಾವ ಹಾಳೆಗಳನ್ನು ಮಗುಚಿದರು, ಎಲ್ಲ ಖಾಲಿ. ಪುನಃ ಮೊದಲಿಗೆ ಬಂದರು. ಅಳಿಯನೇ ಮಾಡಿಕೊಟ್ಟ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು.

“ಇದು... ಬ್ಲೂ ಗ್ರಾಸ್ ಡಾರ್ಟ್ಲೆಟ್, ಗಂಡು,” ಎಂದು ಅಳಿಯ ತೊದಲಿದ. “ಬಾಲದ ತುದಿ ಸ್ಪಷ್ಟವಾಗಿದೆ, ಮಾವ.”

“ಹುಳ ಯಾವುದೂಂತ ಗೊತ್ತಾಯ್ತು, ಅಳಿಯಂದ್ರೇ,” ಎಂದರು ಮಾವ ಮೆಲ್ಲಗೆ. “ಅದರ ಹಿಂದೆ ಮಸುಕಾಗಿ ಕೂತಿದೆಯಲ್ಲ, ಆ ಪ್ರಾಣೀನೂ ಸ್ವಲ್ಪ ಗುರುತಿಸಿ ಹೇಳಿ. ಇವರು ಕೇಳ್ತಿದ್ದಾರೆ.”

ಅಳಿಯ ಫೋಟೋದ ಮೇಲೆ ಬಗ್ಗಿದ.

“ರೀ,” ಎಂದಳು ಹೆಂಡತಿ ಒಳಗಿನಿಂದ, “ರೇಜರು ಬಚ್ಚಲಲ್ಲಿಟ್ಟಿದೀನಿ.”