ಕಿಟಕಿ ಪಕ್ಕದ ಕುರ್ಚಿ

ಕಸ ಗುಡಿಸುವ ಅಕ್ಕ ಆ ದಿನ ಬೆಳಿಗ್ಗೆ ಕಪಾಟಿನ ಧೂಳು ಒರೆಸದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಪುಣ್ಯಾತ್ಗಿತ್ತಿ, ಅದರಲ್ಲಿದ್ದ ಫೋಟೋ ತುಂಬಿದ ಎಂಟೂ ಡಿಸ್ಕ್‌ಗಳನ್ನು ಹೊರಗೆಳೆದು, ಫಳಫಳ ಉಜ್ಜಿ, ಕೈಗೆ ಬಂದದ್ದನ್ನು ಕಣ್ಣಿಗೆ ಕಂಡ ಗೂಡಿಗೆ ತುರುಕಿ ಹೋಗಿದ್ದಳು.

ಅದು ಊರವರ ಫೋಟೋಗಳನ್ನೆಲ್ಲ ಜೋಪಾನ ಮಾಡಿಡುವ ಕಚೇರಿ. ಅಲ್ಲಿ ಕಪಾಟಿಗೆ ಜೋಡಿಸಿದ್ದ ಕಂಪ್ಯೂಟರಿಗೆ ಡಿಸ್ಕ್‌ಗಳ ಮುಖಪರಿಚಯವೇ ಇರಲಿಲ್ಲ. ಮೂರನೇ ಗೂಡಿನಲ್ಲಿ ಕೂತದ್ದು ಮದುವೆ, ನಾಲ್ಕನೇ ಗೂಡಿನಲ್ಲಿ ಕೂತದ್ದು ಹಲ್ಲಿನ ಡಾಕ್ಟರರದ್ದು, ಅಷ್ಟೇ ಅದರ ತಿಳಿವಳಿಕೆ. ಹೀಗಾಗಿ ನೆಂಟರಿಷ್ಟರನ್ನು ಕಟ್ಟಿಕೊಂಡು ಮದುವೆ ಫೋಟೋ ನೋಡಲು ಬಂದ ಹೊಸ ಮದುಮಗಳಿಗೆ ದೊಡ್ಡ ಪರದೆಯ ಮೇಲೆ ಹುಳುಕು ಹಲ್ಲುಗಳ ಸಾಲು ದರ್ಶನ ಕೊಟ್ಟಿತು. "ಇದು ಬೀಗರ ಕಡೆಯವರ ಫೋಟೋ ಇರಬೇಕು" ಎಂದು ಹುಡುಗಿಯ ಸೋದರತ್ತೆ ಅಂದದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು.

ಸಂಜೆಗೆ ಬನ್ನಿ ಎಂದು ಅವರ ಕೈಕಾಲು ಹಿಡಿದು ಕಳಿಸಿದ ಸಾಹೇಬರು ಡಿಸ್ಕಣ್ಣನನ್ನು ಕರೆದರು. ಪ್ರೋಗ್ರಾಮ್ ಬರೆಯುವ ಈ ಬಡಪಾಯಿಯ ಕುರ್ಚಿ ಇದ್ದದ್ದು ಟಾಯ್ಲೆಟ್ ಬಾಗಿಲಿಗೆ ಅಂಟಿಕೊಂಡು. ಯಾರು ಬಾಗಿಲು ತೆಗೆದರೂ ಅದು ಅವನ ಬೆನ್ನಿಗೆ ಗುದ್ದುತ್ತಿತ್ತು. ಈಚೆಗೆ ಖಾಲಿಯಾದ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಅವನಿಗೆ ಪ್ರಾಣ.

"ಗೂಡು ಮುಖ್ಯ ಅಲ್ಲ ಸಾರ್," ಎಂದ ಡಿಸ್ಕಣ್ಣ. "ಪ್ರತಿ ಡಿಸ್ಕಿಗೂ ಹುಟ್ಟುವಾಗ್ಲೇ ಒಂದು ನಂಬರ್ ಕೊಟ್ಟಿರ್ತಾರೆ, ಇನ್ಯಾವುದಕ್ಕೂ ಆ ನಂಬರ್ ಇರಲ್ಲ. ಆ ಗುರುತನ್ನೂ ನಮ್ಮ ಪ್ರೋಗ್ರಾಮಿಗೆ ಸೇರಿಸಿಬಿಟ್ರೆ, ಎಲ್ಲಿ ಕೂತ್ರೂ ಇದು ಇಂಥದ್ದೇ ಅಂತ ಗೊತ್ತಾಗುತ್ತೆ."

"ಸಂಜೆಯೊಳಗೆ ಸೇರಿಸಿ. ಕಿಟಕಿ ಕುರ್ಚಿ ನಿಮ್ಮದು."

ಡಿಸ್ಕಣ್ಣನಿಗೆ ರೆಕ್ಕೆ ಮೂಡಿತು. ಆದರೆ ಕೆಲಸಕ್ಕೆ ಕೂತದ್ದೇ ತಡ, ಉಪದೇಶಗಳ ಸುರಿಮಳೆ. ಲೆಕ್ಕದ ಮೇಡಮ್ ಬಣ್ಣದ ರಿಬ್ಬನ್ ಕಟ್ಟಿದರೆ ಸಾಕು ಎಂದರು. ಫೋಟೋಗಳ ಕಲೆ ಅಳಿಸುವ ಬಣ್ಣದ ಮಾಮ, ತಮ್ಮ ಮನೆಯ ನಾಯಿ ಗುರುತು ಹಿಡಿಯುವುದು ವಾಸನೆಯಿಂದ ಎಂದು ವಿವರವಾಗಿ ತಿಳಿಸಿದರು. ಈ ಗಲಾಟೆಯಲ್ಲಿ ಡಿಸ್ಕಣ್ಣ ಡಿಸ್ಕಿನ ನಂಬರ್ ಕೇಳುವ ಬದಲು ಎಂಟಕ್ಕೂ ಒಂದೇ ಆದ ಕಪಾಟಿನ ನಂಬರ್ ಕೇಳಿಬಿಟ್ಟ. ಎಂಟೂ ಡಿಸ್ಕ್‌ಗಳು ಒಂದೇ ಎಂದು ಕಂಪ್ಯೂಟರ್ ಸಾರಿತು. ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ತಪ್ಪು ತಿದ್ದಿಕೊಂಡು ಮತ್ತೆ ಕೂತ.

ಸಂಜೆ ಮದುಮಗಳ ದಂಡು ಹಾಜರಾಯಿತು. ಸಾಹೇಬರು ಪರೀಕ್ಷಿಸಲೆಂದು ತಾವೇ ಡಿಸ್ಕ್‌ಗಳನ್ನು ಅದಲುಬದಲು ಮಾಡಿದರು. ಗುಂಡಿ ಒತ್ತಿದ ಕೂಡಲೇ ಮದುವೆ ಫೋಟೋ ಮೂಡಿತು. ಮುಂದಿನ ಸಾಲಿನಲ್ಲಿ ಸೋದರತ್ತೆ ಬಾಯ್ತುಂಬ ನಗುತ್ತಿದ್ದರು, ಹಲ್ಲುಗಳೂ ಚೆನ್ನಾಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಿಸ್ಕಣ್ಣನ ಕಣ್ಣಲ್ಲಿ ನೀರೇ ಬಂತು.

ಆದರೆ ಪರದೆಯ ಮೂಲೆಯಲ್ಲಿ ಒಂದು ಡಿಸ್ಕ್ ಕಾಣೆ ಎಂದಿತ್ತು.

"ಅದು ನನ್ನ ಮೇಜಿನ ಕೆಳಗಿದೆ," ಎಂದರು ಬಣ್ಣದ ಮಾಮ ತಣ್ಣಗೆ. "ಮೇಜಿನ ಕಾಲು ಅಲ್ಲಾಡ್ತಿತ್ತು, ಅದಕ್ಕೆ ಒತ್ತು ಕೊಟ್ಟಿದ್ದೀನಿ. ಎಂಟೂ ಒಂದೇ ಅಂತ ಮಧ್ಯಾಹ್ನ ಕಂಪ್ಯೂಟರೇ ಹೇಳ್ತಲ್ಲ, ಒಂದು ಹೋದ್ರೇನು?"

ಡಿಸ್ಕಣ್ಣ ಮಂಡಿಯೂರಿ ಮೇಜಿನ ಕೆಳಗೆ ನುಸುಳಿದ. ಡಿಸ್ಕ್ ಜಪ್ಪಯ್ಯ ಅಂದರೂ ಬರಲೊಲ್ಲದು. ಮೇಲೆ ಸಾಹೇಬರ ಭಾಷಣ ಶುರುವಾಗಿತ್ತು. ಎಂಥ ಅದ್ಭುತ ತತ್ವ ಎಂದು ಅವರು ಉಬ್ಬಿಹೋಗಿದ್ದರು. ಮನುಷ್ಯರಿಗೂ ಇದೇ ಸರಿ, ಈ ಕ್ಷಣದಿಂದ ಯಾರಿಗೂ ಖಾಯಂ ಜಾಗವಿಲ್ಲ, ಬೇಕಾದಲ್ಲಿ ಕೂರಿ. ತಮ್ಮ ತಂಪಾದ ಕೋಣೆ ಇನ್ನು ಡಿಸ್ಕ್‌ಗಳಿಗೇ ಎಂದರು. ಆಮೇಲೆ ಕುರ್ಚಿಗಳನ್ನು ಎಳೆದಾಡಿದ ಸದ್ದು, ಓಡಾಟ, ನಗು.

ಕೂದಲಿಗೆ ಜೇಡರ ಬಲೆ ಮೆತ್ತಿಕೊಂಡು ಡಿಸ್ಕಣ್ಣ ಹೊರಗೆ ಬಂದಾಗ ಒಂದನ್ನು ಬಿಟ್ಟು ಎಲ್ಲ ಕುರ್ಚಿಗಳೂ ಭರ್ತಿ. ಕಿಟಕಿ ಪಕ್ಕದಲ್ಲಿ ಸಾಹೇಬರೇ ಗಾಳಿ ತೆಗೆದುಕೊಳ್ಳುತ್ತ ಕೂತಿದ್ದರು.

"ಸಾರ್, ಆ ಕುರ್ಚಿ..."

"ಗೂಡು ಮುಖ್ಯ ಅಲ್ಲ ಅಂತ ನೀವೇ ಅಲ್ವಾ ಹೇಳಿದ್ದು?" ಎಂದು ಸಾಹೇಬರು ಅಕ್ಕರೆಯಿಂದ ನಕ್ಕರು. "ನೀವು ಎಲ್ಲಿ ಕೂತ್ರೂ ನಮಗೆ ಗೊತ್ತಾಗುತ್ತೆ ಬಿಡಿ."

ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಡಿಸ್ಕಣ್ಣ ಹೋಗಿ ಕೂತ. ಅವನಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಸೋದರತ್ತೆ ಕೈ ತೊಳೆಯಲೆಂದು ಬಂದು ಟಾಯ್ಲೆಟ್ ಬಾಗಿಲು ತೆಗೆದರು.